ದುಬೈ ಉಪ್ಪಿನ ಸಮುದ್ರ

ಪಾಣೆಮಂಗಳೂರಿನ ಇಬ್ರಾಹಿಂ ಖಲೀಲ್ ದುಬೈಯ ಕೆಲಸ ಬಿಟ್ಟು ಊರಿಗೆ ಬರುವಾಗ ಎಲ್ಲರ ಹಾಗೆ ಕಂಬಳಿ, ಅತ್ತರು, ಟಾರ್ಚು ತಂದ. ಎಲ್ಲರಿಗಿಂತ ಹೆಚ್ಚಾಗಿ ತಂದದ್ದು ಒಂದು ಚೀಲ ಉಪ್ಪು. ಸಮುದ್ರದ ದಂಡೆಯಲ್ಲೇ ಇರುವ ಜಿಲ್ಲೆಗೆ ವಿಮಾನದಲ್ಲಿ ಉಪ್ಪು ಹೊತ್ತು ತಂದ ಮೊದಲ ಮನುಷ್ಯ ಅವನೇ ಇರಬೇಕು. ಅಡುಗೆಗಲ್ಲ, ಮೀನು ಸಾಕಲಿಕ್ಕೆ. ದುಬೈಯಲ್ಲಿ ಅವನು ಕೆಲಸಕ್ಕಿದ್ದ ಅಂಗಡಿಯ ಪಕ್ಕ ಒಂದು ಅಕ್ವೇರಿಯಂ ಅಂಗಡಿ ಇತ್ತು. ಬಿಡುವಾದಾಗಲೆಲ್ಲ ಅಲ್ಲಿ ಹೋಗಿ ನಿಂತು ನಿಂತು ಅವನಿಗೆ ಈ ಹುಚ್ಚು ಹತ್ತಿತ್ತು.

ಊರಲ್ಲಿ ಟೈಲ್ಸ್ ಅಂಗಡಿ ಹಾಕಿದ ಮೇಲೆ ಬಾಡಿಗೆ ಮನೆಯ ಚಾವಡಿಯಲ್ಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಇಟ್ಟ. ಬಾವಿ ನೀರಿಗೆ ದುಬೈ ಉಪ್ಪು ಕಲಸಿದ. ಮುಂಬೈಯಿಂದ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಒಂದು ಜೋಡಿ ಮೀನು ತರಿಸಿ ಬಿಟ್ಟ. ಅವು ಲಕ್ಷದ್ವೀಪದ ಕಡೆಯವು, ಅಂದರೆ ನಮ್ಮದೇ ಸಮುದ್ರದವು ಎಂದು ಮುಂಬೈಯ ಅಂಗಡಿಯವನು ಹೇಳಿದ್ದ. ಖಲೀಲ್ ಆ ಮಾತನ್ನು ಬೇಕೆಂದೇ ಮರೆತ. ಕೇಳಿದವರಿಗೆಲ್ಲ ‘ದುಬೈ ಮೀನು’ ಎಂದ.

"ಉಳ್ಳಾಲಕ್ಕೆ ಹೋಗಿ ನಾಲ್ಕು ಕೊಡಪಾನ ನೀರು ತಂದರೆ ಆಗುವುದಿಲ್ಲವಾ ಮಾರಾಯ?" ಎಂದು ಯಾರಾದರೂ ಕೇಳಿದರೆ ಅವನ ಮೂಗು ಮೇಲೇರುತ್ತಿತ್ತು.

"ನಮ್ಮ ಸಮುದ್ರದ್ದಾ? ಅದರಲ್ಲಿ ಬೂತಾಯಿ ಮೀನು ಬದುಕೀತು. ಇದು ಬದುಕಲಿಕ್ಕಿಲ್ಲ."

ಕೇಳಿದವರು ತಲೆಯಾಡಿಸುತ್ತಿದ್ದರು. ದುಬೈಯಿಂದ ಬಂದ ವಸ್ತುವಿನ ಮೇಲೆ ವಾದ ಮಾಡುವ ಧೈರ್ಯ ನೇತ್ರಾವತಿಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಉಪ್ಪು ಮುಗಿದ ಹಾಗೆಲ್ಲ ಮತ್ತೆ ತಂದುಕೊಡುವ ಹೊರೆ ಅವನ ಹೆಂಡತಿ ನಫೀಸಮ್ಮನ ತಮ್ಮ ಅಝೀಮನ ತಲೆಗೆ ಬಿತ್ತು. ಅವನಿನ್ನೂ ದುಬೈಯಲ್ಲೇ ಇದ್ದ, ಅದೇ ಅವನು ಮಾಡಿದ ತಪ್ಪು.

ಹೀಗೆ ಆರು ವರ್ಷ ಕಳೆಯಿತು. ಎರಡು ಸಾವಿರದ ಆರರಲ್ಲಿ ಮಗಳ ಶಾಲೆಗೆಂದು ಖಲೀಲ್ ಮೂಡುಬಿದಿರೆಯಲ್ಲಿ ಮನೆ ಕಟ್ಟಿಸಿದ. ಏಪ್ರಿಲ್ ರಜೆಯಲ್ಲಿ ಮನೆ ಒಕ್ಕಲು ಎಂದು ನಿಶ್ಚಯವಾಯಿತು. ಅದರ ಮುನ್ನಾದಿನ ಮೀನಿನ ಸ್ಥಳಾಂತರ. ಅದಕ್ಕೆ ಖಲೀಲ್ ಮಾಡಿದ ತಯಾರಿ ನೋಡಿದರೆ ಮಗಳ ಮದುವೆಗೂ ಇಷ್ಟು ಮಾಡುತ್ತಾನೋ ಇಲ್ಲವೋ ಎಂದು ನೆಂಟರಿಗೆ ಸಂಶಯ ಬಂತು.

"ಹಳೆ ನೀರೇ ಮೀನಿನ ಜೀವ. ಅದನ್ನು ಚೆಲ್ಲಬಾರದು. ಕಲ್ಲು ಒಣಗಬಾರದು. ಮರಳು ಕದಡಿದರೆ ವಿಷ," ಎಂದು ಅವನು ಟೆಂಪೋದವನಿಗೂ ಪಾಠ ಮಾಡಿದ. ಪಾಠ ಸರಿಯಾಗಿಯೇ ಇತ್ತು. ಹಳೆಯ ನೀರು ಮುಚ್ಚಳದ ಡ್ರಮ್ಮುಗಳಿಗೆ ಹೋಯಿತು. ತೊಟ್ಟಿಯ ಕಲ್ಲುಗಳು ಒಂದು ಟಬ್ಬಿನಲ್ಲಿ ಮುಳುಗಿ ಕುಳಿತವು. ಮೀನುಗಳ ಬಕೆಟ್ಟಿಗೆ ಬ್ಯಾಟರಿಯ ಗಾಳಿ ಪಂಪು ಇಳಿಬಿಟ್ಟ. ಸಿದ್ಧಕಟ್ಟೆಯ ಹೊಂಡಗಳ ಮೇಲೆ ಟೆಂಪೋ ಕುಣಿಯುತ್ತಾ ಹೋಗುವಾಗ ಆ ಬಕೆಟ್ಟು ಇದ್ದದ್ದು ನಫೀಸಮ್ಮನ ಮಡಿಲಲ್ಲಿ. ಖಲೀಲ್ ಮುಂದಿನ ಸೀಟಿನಲ್ಲಿ ಕುಳಿತು "ನಿಧಾನ, ನಿಧಾನ" ಎನ್ನುವ ಕಷ್ಟದ ಕೆಲಸ ಮಾಡಿದ.

ಹೊಸ ಮನೆಯ ಅಂಗಳದಲ್ಲಿ ಡ್ರಮ್ಮುಗಳನ್ನು ನೆರಳಿಗೆ ಇಳಿಸಿ, ಟಬ್ಬು ಬಕೆಟ್ಟುಗಳನ್ನು ಒಳಗಿಟ್ಟು, ಅವನು ತೊಟ್ಟಿಯನ್ನು ಸ್ಟ್ಯಾಂಡಿನ ಮೇಲೆ ಮಟ್ಟವಾಗಿ ಕೂರಿಸುವುದರಲ್ಲಿ ಮುಳುಗಿದ. ಅಷ್ಟರಲ್ಲಿ, ಹಿಂದಿನ ದಿನವೇ ಬಂದು ಝಂಡಾ ಊರಿದ್ದ ಅತ್ತೆ ಮೈಮೂನಮ್ಮ ಅಂಗಳಕ್ಕೆ ಬಂದರು. ಒಂದು ಡ್ರಮ್ಮಿನ ಮುಚ್ಚಳ ತೆಗೆದರು. ಹಳದಿ ನೀರು, ಮೀನಿನ ವಾಸನೆ. ಬೆರಳದ್ದಿ ನಾಲಿಗೆಗೆ ಇಟ್ಟರು. ಉಪ್ಪು! ಈ ಸೀಮೆಯಲ್ಲಿ ತೆಂಗಿನ ಸಸಿಯ ಬುಡಕ್ಕೆ ಉಪ್ಪು ಹಾಕದ ಮುದುಕಿ ಯಾರಿದ್ದಾರೆ? ಅಂಗಳದ ಬದಿಯಲ್ಲಿ ಹೊಸ ಸಸಿಗಳು ಸಾಲಾಗಿ ಬಾಯಿಬಿಟ್ಟು ನಿಂತಿದ್ದವು. ಖಲೀಲ್ ಕೈ ಒರೆಸಿಕೊಂಡು ಹೊರಗೆ ಬರುವಾಗ ಕೊನೆಯ ಡ್ರಮ್ಮು ಅಡಿಮೇಲಾಗಿತ್ತು.

"ಅಷ್ಟು ಒಳ್ಳೆಯ ನೀರು ಸುಮ್ಮನೆ ಹಾಳಾಗುವುದು ಬೇಡ ಅಂತ," ಎಂದರು ಮೈಮೂನಮ್ಮ, ಬೆನ್ನಿಗೆ ಕೈಕೊಟ್ಟು, ಹೊಗಳಿಕೆಗೆ ಕಾಯುತ್ತಾ.

ಖಲೀಲ್ ಒಂದೊಂದೇ ಡ್ರಮ್ಮು ಅಲ್ಲಾಡಿಸಿ ನೋಡಿದ. ಅತ್ತೆಗೆ ಬೈಯುವ ಹಾಗಿಲ್ಲ, ಬೈಯದೆ ಇರುವ ಹಾಗಿಲ್ಲ. ಆಮೇಲೆ ಅಝೀಮ್ ನೆನಪಾದ. ಅವನು ಆ ದಿನವೇ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವನು, ಉಪ್ಪಿನೊಂದಿಗೆ. ಖಲೀಲ್ ಫೋನು ಹಚ್ಚಿದ.

"ಭಾವಾ, ಅಲ್ಲಿ ತೂಕ ಜಾಸ್ತಿ ಆಯಿತು," ಎಂದ ಅಝೀಮ್. "ಕಂಬಳಿ ಬಿಡುವುದಾ, ಉಪ್ಪು ಬಿಡುವುದಾ ಅಂತ ಆಯಿತು. ಉಪ್ಪು ನಮ್ಮಲ್ಲಿ ಸಿಗ್ತದಲ್ಲ?"

ಬಕೆಟ್ಟಿನಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಪಂಪಿನ ಸದ್ದು ಕ್ಷೀಣವಾಗುತ್ತಿತ್ತು. ಖಲೀಲ್‌ಗೆ ನಿಜಕ್ಕೂ ಅಳು ಬಂತು. ಜಂಬ ಏನೇ ಇರಲಿ, ಪ್ರತಿದಿನ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವನು ನೋಡುತ್ತಿದ್ದದ್ದು ಆ ಎರಡು ಜೀವಗಳನ್ನು.

"ಸುರತ್ಕಲ್‌ಗೆ ಹೋಗುವ," ಎಂದಳು ನಫೀಸಮ್ಮ.

"ನಮ್ಮ ಸಮುದ್ರದ ನೀರಾ? ನಾಳೆ ಜನ ಏನು ಹೇಳ್ತಾರೆ?"

"ನೀರಲ್ಲಿ ಇರುವುದು ಜನ ಅಲ್ಲವಲ್ಲ. ಏಳಿ."

ಟೆಂಪೋದವನಿಗೆ ಸಮುದ್ರ ಕಂಡ ಕೂಡಲೇ ಬೆನ್ನುನೋವು ಬಂತು. ಅವನು ಬೀಡಿ ಹಚ್ಚಿಕೊಂಡು ಕುಳಿತ. ಅಲೆಗೆ ಇಳಿದು ಬಕೆಟ್ಟು ತುಂಬಿದವಳು ನಫೀಸಮ್ಮ. ಬುರ್ಖಾ ಮೊಣಕಾಲಿನವರೆಗೆ ನೆನೆದು ಭಾರವಾಗಿ ಮರಳಲ್ಲಿ ಎಳೆಯುತ್ತಿತ್ತು. ಒಂದು ದೊಡ್ಡ ಅಲೆಗೆ ಬಿದ್ದು ಎದ್ದು, ಚಪ್ಪಲಿ ಕಳಕೊಂಡು, ಮತ್ತೆ ತುಂಬಿದಳು. ಖಲೀಲ್ ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಸೋಸಿದ, ಮಧ್ಯೆ ಮಧ್ಯೆ ಪರಿಚಯದವರು ಯಾರಾದರೂ ಇದ್ದಾರೋ ಎಂದು ಆಚೆ ಈಚೆ ನೋಡಿದ. ಉಪ್ಪಿನ ಅಂಶ ತಿಳಿಸುವ ಗಾಜಿನ ಕಡ್ಡಿಯನ್ನು ಇಳಿಬಿಟ್ಟ. ಕಡ್ಡಿ ದುಬೈ ಉಪ್ಪಿನ ನೀರಿನಲ್ಲಿ ಎಲ್ಲಿ ನಿಲ್ಲುತ್ತಿತ್ತೋ ಸರಿಯಾಗಿ ಅಲ್ಲೇ ನಿಂತಿತು. ತೆಗೆದು, ಒರೆಸಿ, ಮತ್ತೊಮ್ಮೆ ಬಿಟ್ಟ. ಅಲ್ಲೇ. ಅವನಿಗೆ ಅವಮಾನವಾದಂತಾಯಿತು.

ಮರುದಿನ ಮಧ್ಯಾಹ್ನ ಹೊಸ ಚಾವಡಿ ತುಂಬಿ ತುಳುಕುತ್ತಿತ್ತು. ಬಂದವರು ಮನೆ ನೋಡಲಿಲ್ಲ, ತೊಟ್ಟಿಗೆ ಮುತ್ತಿಕೊಂಡರು. ದೀಪದ ಕೆಳಗೆ ಜೋಡಿ ಮೀನು ಆರಾಮವಾಗಿ ತಿರುಗುತ್ತಿತ್ತು. ಹಾಕಿದ್ದನ್ನು ತಿನ್ನುತ್ತಿತ್ತು. ನೆರೆಮನೆಯ ಚಿನ್ನಯ್ಯ ಮಾಸ್ಟ್ರು ಗಾಜಿಗೆ ಮೂಗು ತಾಗಿಸಿ, "ಏನು ಹೊಳಪು! ಇದು ದುಬೈ ನೀರಂತಲ್ಲ?" ಎಂದರು. ಹೊಸ ಕಂಬಳಿಯ ತೃಪ್ತಿಯಲ್ಲಿದ್ದ ಅಝೀಮ್ ತಲೆಯೆತ್ತಿ ಮಾಡಿನ ಕಡೆ ನೋಡಿದ.

ಖಲೀಲ್ ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾತಿಯಲ್ಲ ಅದು.

"ಮತ್ತೆ? ನಮ್ಮ ಸಮುದ್ರದ ನೀರು ಹಾಕಿದರೆ ಒಂದು ಗಂಟೆ ಬದುಕಲಿಕ್ಕಿಲ್ಲ."

ಶರಬತ್ತಿನ ಟ್ರೇ ಹಿಡಿದು ಬರುತ್ತಿದ್ದ ನಫೀಸಮ್ಮ ನಿಂತಳು. ಅವಳ ಸೊಂಟ ಇನ್ನೂ ನೋಯುತ್ತಿತ್ತು.

"ಹಾಗಾದರೆ ಮುಂದಿನ ಸಲ ನೀರಿಗೆ ನೀವು ದುಬೈಗೇ ಹೋಗಿ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಸುರತ್ಕಲ್‌ನಲ್ಲಿ ಬಿದ್ದು ಎದ್ದು ಹೊರಲಿಕ್ಕೆ ನಾನು ಬರುವುದಿಲ್ಲ."

ಮಾಸ್ಟ್ರು ಗಾಜಿನಿಂದ ಮೂಗು ತೆಗೆದರು. "ಸುರತ್ಕಲ್‌ದಾ?" ಎಂದರು, ಮೋಸಹೋದವರ ದನಿಯಲ್ಲಿ. ಯಾರೋ ಹಿಂದಿನಿಂದ "ಬಿರಿಯಾನಿ ಆರ್ತದೆ" ಎಂದರು. ಶರಬತ್ತು ಮುಗಿಯುವ ಮೊದಲೇ ಚಾವಡಿ ಖಾಲಿಯಾಯಿತು, ಎಲ್ಲರೂ ಊಟದ ಚಪ್ಪರಕ್ಕೆ ನಡೆದರು.

ಮೀನು ಅದೇ, ಪಟ್ಟೆ ಅದೇ, ಹೊಳಪು ನಿನ್ನೆಗಿಂತ ಒಂದು ಕೈ ಹೆಚ್ಚೇ. ಒಬ್ಬನಾದರೂ ತಿರುಗಿ ನೋಡಲಿಲ್ಲ. ಖಲೀಲ್‌ಗೆ ಅವರ ಮೇಲೆ ಉರಿದುಹೋಗುವಷ್ಟು ಸಿಟ್ಟು ಬಂತು. ಆದರೆ ಹಾಗೆ ನೋಡಲು ಆರು ವರ್ಷ ಅವರಿಗೆ ಕಲಿಸಿದವನು ಅವನೇ. ನಫೀಸಮ್ಮ ಖಾಲಿ ಲೋಟಗಳನ್ನು ಟ್ರೇಗೆ ತುಂಬಿಸಿ ಸೊಂಟ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು. ಅವಳನ್ನು ಕರೆಯಬೇಕೆಂದು ಅವನಿಗೆ ಅನಿಸಿತು. ಕರೆಯಲಿಲ್ಲ, ಕಿಟಕಿಯಲ್ಲಿ ಉಳಿದಿದ್ದ ಒಂದು ಲೋಟ ಎತ್ತಿಕೊಂಡು ಅವಳ ಹಿಂದೆ ಹೋದ.