ಗೇಣಗಲದ ಸ್ಟೆಪ್ನಿ

ಆ ದಿನ ನಮ್ಮ ಅತ್ತೆ ಎಷ್ಟು ದೂರ ನಡೆದರು ಎಂಬುದು ನನಗೆ ಖಚಿತವಿಲ್ಲ. ಒಂದೂವರೆ ಕಿಲೋಮೀಟರ್ ಎಂದು ಹಲವರಿಗೆ ಹೇಳಿದ್ದೇನೆ. ಕಾರಿನ ಹಿಂದಿನ ಸೀಟಿನಲ್ಲಿದ್ದ ಹೆಂಡತಿ, "ಒಂದು ತಿರುವು ದಾಟಿದ್ರು, ಅಷ್ಟೇ" ಎನ್ನುತ್ತಾಳೆ. ನಡೆದವರು ಮಾತ್ರ "ಅರ್ಧ ಮಾದಾಪುರ ನಡ್ದಿದೀನಿ" ಎನ್ನುತ್ತಾರೆ. ಮಳೆ ಹನಿಯುತ್ತಿತ್ತು ಎಂದೂ ನನ್ನ ನೆನಪು ಹೇಳುತ್ತದೆ. ಆದರೆ ಅದು ಕಾಫಿ ಕುಯ್ಲಿನ ಕೊನೆಯ ದಿನಗಳು, ಎಲ್ಲರ ಕಣದಲ್ಲೂ ಕಾಫಿ ಒಣಗುತ್ತಿತ್ತು. ಆಗ ಮಳೆ ಬಂದಿದ್ದರೆ ಇಡೀ ಜಿಲ್ಲೆಯೇ ನೆನಪಿಟ್ಟುಕೊಂಡು ಬೈಯುತ್ತಿತ್ತು. ಹಾಗಾಗಿ ಮಳೆಯನ್ನು ಕೈಬಿಡುತ್ತೇನೆ.

ಪಂಚರ್ ಆದದ್ದು ನಿಜ. ಅದರಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಮನೆ ಕುಶಾಲನಗರದ ಹತ್ತಿರ. ಹೆಂಡತಿಯ ತಾಯಿ ನಮ್ಮ ಜೊತೆಗೇ ಇದ್ದಾರೆ. ಅವರ ತಂಗಿಯನ್ನು ಮಾದಾಪುರಕ್ಕೆ ಕೊಟ್ಟಿದೆ. ತಂಗಿಯ ಎರಡೂ ಮಂಡಿಗಳು ಕೈಕೊಟ್ಟಿವೆ. ಮನೆಯೋ ರಸ್ತೆಯಿಂದ ಮೇಲೆ, ದಿಬ್ಬದ ಮೇಲಿದೆ. ಅವರು ಮೆಟ್ಟಿಲಿಳಿದು ಬರಲಾರರು. ಆದ್ದರಿಂದ ತಿಂಗಳಿಗೊಂದು ಭಾನುವಾರ ಅಕ್ಕನೇ ಹೋಗಬೇಕು, ನಾನು ಕರೆದುಕೊಂಡು ಹೋಗಬೇಕು. ಫೋನಿನಲ್ಲಿ ಮಾತಾಡಿದರೆ ಸಾಲದೇ ಎಂದು ಒಮ್ಮೆ ಕೇಳಿದ್ದೆ. "ಕೈಗೊಂದು ಕೆಲ್ಸ ಇಲ್ದೆ ಅದೆಂಥ ಮಾತು?" ಎಂದಿದ್ದರು ಅತ್ತೆ. ಅಕ್ಕತಂಗಿಯರು ಅಡುಗೆಮನೆಯಲ್ಲಿ ಕೂತು ಏನನ್ನಾದರೂ ಸುಲಿಯುತ್ತಲೇ ಮಾತಾಡುವವರು.

ಸುಂಟಿಕೊಪ್ಪ ದಾಟಿ ಮಾದಾಪುರದ ರಸ್ತೆಗೆ ತಿರುಗಿದ ಮೇಲೆ ಹಿಂದಿನ ಎಡಗಡೆಯ ಚಕ್ರ ಕೂತುಬಿಟ್ಟಿತು. ಡಿಕ್ಕಿಯ ಹಲಗೆ ಎತ್ತಿ ಸ್ಟೆಪ್ನಿ ಹೊರತೆಗೆದೆ. ಕಾರು ಕೊಂಡು ಎರಡು ವರ್ಷವಾಗಿದ್ದರೂ ಅದನ್ನು ನೋಡಿದ್ದು ಅದೇ ಮೊದಲು. ಸಪೂರವಾಗಿತ್ತು, ಮೇಲೆ ಹಳದಿ ಚೀಟಿ, ಅದರಲ್ಲಿ ಎಂಬತ್ತು ಎಂಬ ಅಂಕೆ. ಜಾಕಿ ಕೊಟ್ಟು ಜೋಡಿಸಿದೆ. ರಸ್ತೆಯಂಚಿನಲ್ಲಿ ನಿಂತಿದ್ದ ಅತ್ತೆ ಬಂದು ಬಗ್ಗಿ ಟೈರಿನ ಅಗಲಕ್ಕೆ ತಮ್ಮ ಗೇಣು ಇಟ್ಟರು. ಹೆಬ್ಬೆರಳು ಈ ಅಂಚಿನಲ್ಲಿ ನಿಂತರೆ ಕಿರುಬೆರಳು ಆ ಕಡೆ ಗಾಳಿಯಲ್ಲಿ ನಿಂತಿತು.

"ಅಳಿಯಂದ್ರೆ, ಇದು ಯಾವ ಗಾಡೀದು?"

"ಇದೇ ಗಾಡೀದು ಅತ್ತೆ. ಸ್ಟೆಪ್ನಿ."

"ಮೂರು ಕಾಲು ಎಮ್ಮೇದು, ಒಂದು ಕಾಲು ಮೇಕೇದು. ನಾನು ಹತ್ತಕಿಲ್ಲ."

"ಎಂಬತ್ತರ ಸ್ಪೀಡಿನ ತನಕ ಏನೂ ಆಗಲ್ಲ ಅಂತ ಕಂಪನಿಯವ್ರೇ ಬರ್ದಿದಾರೆ, ನೋಡಿ."

"ಕಂಪ್ನಿಯೋರು ನಮ್ಮ ತಂಗಿ ಮನೆ ದಾರಿ ನೋಡವ್ರಾ?"

ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟರು. ನಾನು ಫಸ್ಟ್ ಗೇರಿನಲ್ಲಿ ಹಿಂಬಾಲಿಸಿದೆ. ಎದುರಿನಿಂದ ಬಂದ ಎಸ್ಟೇಟ್ ಜೀಪು ನಿಧಾನಿಸಿತು. ಒಳಗಿಂದ ಯಾರೋ, "ಏನ್ ಸಾರ್, ಪೈಲಟ್ ಗಾಡಿ ಇಲ್ಲಾಂತ ಅಜ್ಜೀನ ಬಿಟ್ಟಿದೀರಾ?" ಎಂದು ಕೂಗಿದರು. ಹೆಂಡತಿ ವ್ಯಾನಿಟಿ ಬ್ಯಾಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಈಗ ಕೇಳಿದರೆ ಎರಡನ್ನೂ ಒಪ್ಪುವುದಿಲ್ಲ.

ರಸ್ತೆಯ ಮೇಲೆ ಹಸಿ ಆನೆ ಲದ್ದಿ ಕಂಡ ಮೇಲೆ ಅತ್ತೆ ನಿಂತರು, ತಿರುಗಿದರು, ಕಾರು ಹತ್ತಿದರು. "ಆನೆಗಿಂತ ನಿಮ್ಮ ಮೇಕೆ ವಾಸಿ" ಎಂದರು. ಅಥವಾ ಆ ಮಾತನ್ನು ಮುಂದೆ ಯಾವಾಗಲೋ ನಾನೇ ಅವರ ಬಾಯಿಗೆ ತುರುಕಿದೆನೇನೋ. ಚೆನ್ನಾಗಿರುವ ಮಾತುಗಳ ಬಗ್ಗೆ ನನಗೆ ಯಾವಾಗಲೂ ಗುಮಾನಿ.

ಮಾದಾಪುರದಲ್ಲಿ ಪಂಚರ್ ಹಾಕಿಸಿ ನಾಲ್ಕೂ ಎಮ್ಮೆ ಕಾಲಿನ ಮೇಲೆಯೇ ವಾಪಸಾದೆವು. ವಿಷಯ ಮುಗಿಯಿತು ಎಂದುಕೊಂಡೆ. ಮುಂದಿನ ತಿಂಗಳು ಹೊರಡುವ ಹೊತ್ತಿಗೆ ಅತ್ತೆ ಜಗಲಿಯಿಂದ ಇಳಿಯಲೇ ಇಲ್ಲ.

"ಅದು ಡಿಕ್ಕೀಲಿ ಇರೋಗಂಟ ನಾನು ಹತ್ತಕಿಲ್ಲ."

"ಎರಡು ವರ್ಷದಿಂದ ಅಲ್ಲೇ ಇತ್ತಲ್ಲ ಅತ್ತೆ, ಹತ್ತುತಾನೇ ಇದ್ರಿ."

"ಆವಾಗ ನಂಗೆ ಗೊತ್ತಿರ್ನಿಲ್ಲ."

ವಿಶ್ವವಿದ್ಯಾಲಯದಲ್ಲಿ ಐದು ವರ್ಷ ವಾದ ಮಾಡುವುದನ್ನು ಕಲಿತವನು ನಾನು. ಕಾರಿನ ಪುಸ್ತಿಕೆ ತಂದು ಓದಿ ಹೇಳಿದೆ, ಭಾರ ಹೇಗೆ ಹಂಚಿಕೆಯಾಗುತ್ತದೆಂದು ನಾಲ್ಕು ಲೋಟ ಇಟ್ಟು ತೋರಿಸಿದೆ. ಅತ್ತೆ ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟರು. ಬಸ್ಸಿನಲ್ಲಿ ಹೋಗುತ್ತೇನೆಂದು ರಾಗಿಹಿಟ್ಟಿನ ಚೀಲ ಹಿಡಿದು ಹೊರಟವರು, ಬಸ್ಸಿನ ಮೊದಲ ಮೆಟ್ಟಿಲು ಎಟುಕದೆ ಸ್ಟ್ಯಾಂಡಿನಿಂದಲೇ ಮರಳಿದರು. ಹೀಗೆ ಎರಡು ತಿಂಗಳು ಹೋಯಿತು.

ಒಂದು ಸಂಜೆ ಫೋನು ಸ್ಪೀಕರಿನಲ್ಲಿತ್ತು. ತಂಗಿ ಹೇಳುತ್ತಿದ್ದರು: "ಅಕ್ಕಾ, ಸಪೋಟ ಎಲ್ಲ ಬಾವ್ಲಿ ಪಾಲಾಯ್ತು. ನೀ ಬರ್ದಿದ್ರೆ ಮರಾನೇ ಕಡಿಸ್ತೀನಿ."

"ಅಳಿಯಂದ್ರ ಕಾರಿಗೆ ಒಂದು ಕಾಲು ಸರಿಯಿಲ್ಲ ಕಣೆ."

"ನಂಗೆ ಎರಡೂ ಸರಿಯಿಲ್ಲ. ನಾನು ಬರಕ್ಕಾಯ್ತದಾ?"

ಅತ್ತೆ ಫೋನನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟು ಹಿತ್ತಿಲಿಗೆ ಹೋದರು. ಅಷ್ಟರಲ್ಲಿ ಹೆಂಡತಿ ನನ್ನನ್ನು ನೋಡಿದ ರೀತಿ ಯಾವ ತರ್ಕಕ್ಕೂ ಬಗ್ಗುವಂಥದ್ದಾಗಿರಲಿಲ್ಲ.

ಉಳಿದ ನಾಲ್ಕು ಚಕ್ರಗಳ ಅಳತೆಯದೇ ರಿಮ್ಮು, ಟೈರು ಸಿದ್ದಾಪುರದ ಒಂದು ಟೈರ್ ಅಂಗಡಿಯಲ್ಲಿದೆ ಎಂದು ಗೊತ್ತಾಗಿ, ನೆಲ್ಯಹುದಿಕೇರಿಯ ಮಾರ್ಗವಾಗಿ ಅಲ್ಲಿಗೆ ಹೋದೆ. ಯಾರ ಮಾತನ್ನೂ ನಂಬಬಾರದೆಂದು ಟೇಪು ಒಯ್ದಿದ್ದೆ. ರಿಮ್ಮಿನ ವ್ಯಾಸ, ನಟ್ಟಿನ ತೂತುಗಳ ನಡುವಿನ ಅಂತರ, ಡಿಕ್ಕಿಯ ಹೊಂಡದ ವ್ಯಾಸ, ಎಲ್ಲವನ್ನೂ ಎರಡೆರಡು ಸಲ ಅಳೆದು ಬರೆದುಕೊಂಡೆ. ಮಲಯಾಳಿ ಅಂಗಡಿಯವರು ಚಹಾ ಮುಗಿಸುವ ತನಕ ಸುಮ್ಮನೆ ನೋಡಿದರು.

"ಸಾರೇ, ಇದಕ್ಕೇನು ಬ್ಲೌಸ್ ಹೊಲಿಸ್ತೀರಾ?"

"ಸರಿಯಾಗಿ ಕೂರಬೇಕಲ್ಲ."

"ಹೊಂಡದ ಆಳ ನೋಡಿದ್ರಾ?"

"ವ್ಯಾಸ ನೋಡಿದೀನಿ."

"ನಾನು ಕೇಳಿದ್ದು ಆಳ ಸಾರೇ."

ಆಳ ನೋಡಿರಲಿಲ್ಲ. ಸಪೂರ ಚಕ್ರಕ್ಕೆಂದು ತೋಡಿದ ಹೊಂಡದಲ್ಲಿ ದಪ್ಪ ಚಕ್ರ ಕೂತಿತು, ಆದರೆ ನಾಲ್ಕು ಬೆರಳು ಮೇಲೆದ್ದು ಕೂತಿತು. ಅದನ್ನು ಹಿಡಿದಿಡುವ ಸ್ಕ್ರೂ ಗಿಡ್ಡವಾಗಿ ಕೆಳಗಿನ ತಿರುಪಿನ ತೂತಿಗೇ ತಲುಪಲಿಲ್ಲ. ಅಂಗಡಿಯವರು ನಗಲಿಲ್ಲ, ಅದೇ ಹೆಚ್ಚು ನೋಯಿಸಿತು. ಪಕ್ಕದ ಲೇತ್ ಅಂಗಡಿಯಲ್ಲಿ ಉದ್ದದ ಸ್ಕ್ರೂ ಮಾಡಿಸಿ ಬಿಗಿಮಾಡಿ ಕೊಟ್ಟರು. ಹಳೆಯ ಚಕ್ರದ ಮಡಿಲಲ್ಲಿ ಮಲಗಿದ್ದ ಜಾಕಿ, ಸ್ಪ್ಯಾನರುಗಳು ಮನೆ ಕಳೆದುಕೊಂಡು ನನ್ನ ಸೀಟಿನ ಹಿಂದೆ ಬಂದು ಬಿದ್ದವು.

ಮನೆಗೆ ಬಂದು ಡಿಕ್ಕಿಯ ಹಲಗೆ ಹಾಕಿದರೆ ಅದು ಏತದಂತೆ ಆಡಿತು. ಪ್ಲೈವುಡ್ಡಿನ ಚೌಕಟ್ಟು ಮಾಡಿಸಬೇಕೆಂದು ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆಯಲು ಕೂತೆ. ನಕ್ಷೆ ಮುಗಿಸಿ ಎದ್ದು ಬರುವಷ್ಟರಲ್ಲಿ ಅತ್ತೆ ಕಾಫಿಯ ಖಾಲಿ ಗೋಣಿಚೀಲಗಳನ್ನು ಮಡಚಿ ಚಕ್ರದ ಸುತ್ತ ತುರುಕಿ ಮಟ್ಟಸ ಮಾಡಿದ್ದರು. ಹಲಗೆ ಹಾಕುವ ಮೊದಲು ಟೈರಿನ ಮೇಲೆ ಗೇಣು ಇಟ್ಟರು. ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ತುಂಬಿತು.

"ಹ್ಞೂ. ಇದು ಎಮ್ಮೆ ಜಾತಿ."

ಆ ಭಾನುವಾರ ಹೋದೆವು. ಅಕ್ಕತಂಗಿಯರು ಹಲಸಿನ ಬೀಜ ಸುಲಿಯುತ್ತ ಎರಡು ತಿಂಗಳ ಬಾಕಿ ಮಾತು ತೀರಿಸಿದರು. ಬರುವಾಗ ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಡಿಕ್ಕಿಯ ನೆಲ ನಾಲ್ಕು ಬೆರಳು ಏರಿದ್ದರಿಂದ ಹಲಸಿನ ಹಣ್ಣು ಬಾಗಿಲಿಗೆ ತಾಗಿತು. ಅದು ಹಿಂದಿನ ಸೀಟಿನಲ್ಲಿ, ನನ್ನ ಹೆಂಡತಿಯ ಪಕ್ಕ, ಬೆಲ್ಟ್ ಹಾಕಿಕೊಂಡು ಕುಶಾಲನಗರಕ್ಕೆ ಬಂತು.

ಅಲ್ಲಿಂದ ಮುಂದೆ ಪ್ರತಿ ಸಲವೂ ಅತ್ತೆ ಬಾಗಿಲಿಗೆ ಕೈಯಿಟ್ಟು ಒಂದು ಮಾತು ಕೇಳುತ್ತಾರೆ: "ಐದನೇದಕ್ಕೆ ಗಾಳಿ ಐತಾ?" ನಾನು "ಐತೆ ಅತ್ತೆ" ಎನ್ನುತ್ತೇನೆ. ಅವರು ಹತ್ತುತ್ತಾರೆ. ಈಗ ಅವರು ಡಿಕ್ಕಿ ತೆಗೆಸಿ ನೋಡುವುದಿಲ್ಲ. ಕಂಪನಿಯನ್ನು ನಂಬದವರು ನನ್ನನ್ನು ನಂಬಿಬಿಟ್ಟಿದ್ದಾರೆ.

ಇದನ್ನು ಬರೆಯುತ್ತ ಕೂತಾಗ ಆ ಗಾಳಿಯನ್ನು ನಾನು ನೋಡಿಸಿದ್ದು ಯಾವಾಗ ಎಂದು ಯೋಚಿಸಿದೆ. ಒಂದು ಸಲವೂ ನೆನಪಾಗಲಿಲ್ಲ. ಬಂಕಿನಲ್ಲಿ ನಾಲ್ಕಕ್ಕೆ ಹಾಕಿಸಿ ಹೊರಟುಬಿಡುತ್ತೇನೆ. ಐದನೆಯದು ಗೋಣಿಚೀಲ, ಹಲಗೆ, ರಾಗಿಹಿಟ್ಟುಗಳ ಅಡಿಯಲ್ಲಿರುತ್ತದೆ. ಮೊನ್ನೆ ಶನಿವಾರ ಪೆನ್ನು ಕೆಳಗಿಟ್ಟು ಬಂಕಿಗೆ ಹೋದೆ. ಎಲ್ಲವನ್ನೂ ಇಳಿಸಿ, ಉದ್ದದ ಸ್ಕ್ರೂ ಬಿಚ್ಚಿ, ಚಕ್ರವನ್ನು ಎತ್ತಿ ನೆಲದ ಮೇಲಿಟ್ಟೆ. ಗಾಳಿ ಹಾಕುವವರು "ಸ್ಟೆಪ್ನಿ ಯಾರೂ ತೆಗ್ಸಲ್ಲ ಸಾರ್" ಎನ್ನುತ್ತ ಮೀಟರ್ ಒತ್ತಿದರು. ಇನ್ನೊಮ್ಮೆ ಒತ್ತಿ ಎಂದೆ. ಎರಡು ಸಲವೂ ಮೂವತ್ತೊಂದು ತೋರಿಸಿತು. ಗಾಳಿ ಇತ್ತು.