ಹೈದರಾಬಾದಿನಲ್ಲಿ ಉಳಿದ ತುಂಡು

ಹೈದರಾಬಾದಿನಲ್ಲಿ ನನ್ನ ಕನ್ನಡಕ್ಕೆ ಮೊದಲ ಸಲ ಕೆಲಸ ಬಿದ್ದದ್ದು, ಒಬ್ಬ ಮನುಷ್ಯನ ಹೊಟ್ಟೆಯೊಳಗಿಂದ ಕತ್ತರಿಸಿ ತೆಗೆಯುವ ತುಂಡನ್ನು ನಮಗೆ ಕೊಡುತ್ತೀರಾ ಎಂದು ಕೇಳುವುದಕ್ಕೆ.

ಆಗ ನಾನು ಇಳಕಲ್ಲಿನಿಂದ ಬಂದು ವರ್ಷವೂ ತುಂಬಿರಲಿಲ್ಲ. ಮಿಯಾಪುರದಲ್ಲಿ ಸುಶೀಲಮ್ಮ ಎಂಬ ತೆಲುಗು ವಿಧವೆಯ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಸುತ್ತಲೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ನಮ್ಮೂರಲ್ಲಿ ಹೊಸಬರನ್ನು ಕಂಡರೆ ‘ಯಾರ ಪೈಕಿ?’ ಎಂದು ಕೇಳುತ್ತಾರೆ. ಇಲ್ಲಿ ‘ಯಾವ ಕಂಪನಿ?’ ಎಂದು ಕೇಳುತ್ತಿದ್ದರು. ಸಾಫ್ಟ್‌ವೇರ್ ಅಲ್ಲ, ಆಸ್ಪತ್ರೆಯ ಪ್ರಯೋಗಾಲಯ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಅಂಗಡಿಯಲ್ಲಿ ಉಪ್ಪು, ಬೆಲ್ಲ ಕೇಳಿದರೆ ಸಿಗುತ್ತಿದ್ದವು, ಎರಡೂ ಭಾಷೆಗೆ ಹತ್ತಿರದ ಶಬ್ದಗಳು. ಮೊಸರಿಗೆ ‘ಪೆರುಗು’ ಎನ್ನುವುದನ್ನು ಕಲಿಯುವವರೆಗೆ ಬೆರಳು ತೋರಿಸಿಯೇ ತರುತ್ತಿದ್ದೆ. ಕೆಲವು ಭಾನುವಾರ ಯಾರೊಂದಿಗೂ ಒಂದು ಮಾತಿಲ್ಲದೆ ಸಂಜೆಯಾಗಿಬಿಡುತ್ತಿತ್ತು.

ನಮ್ಮ ಪ್ರಯೋಗಾಲಯದ ಕೆಲಸ ಮಹಾಧಮನಿಯ ಮೇಲೆ. ಹೃದಯದಿಂದ ಹೊರಟು ಹೊಟ್ಟೆಗೆ ಇಳಿಯುವ ಈ ದೊಡ್ಡ ರಕ್ತನಾಳದ ಗೋಡೆ ಕೆಲವರಲ್ಲಿ ಸಡಿಲಾಗಿ ಉಬ್ಬುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಉಬ್ಬುತ್ತಾ ಹೋಗಿ, ಒಡೆದರೆ ಬಹಳ ಮಂದಿ ಆಸ್ಪತ್ರೆ ಮುಟ್ಟುವುದಿಲ್ಲ. ಮೊದಲೇ ಗೊತ್ತಾದರೆ ಹೊಟ್ಟೆ ಕೊಯ್ದು ಬಟ್ಟೆಯ ಕೊಳವೆ ಕೂರಿಸುತ್ತಾರೆ, ಉಬ್ಬಿದ ಗೋಡೆಯ ಒಂದಿಷ್ಟನ್ನು ಕತ್ತರಿಸಿ ಬಿಸಾಡುತ್ತಾರೆ. ನಮಗೆ ಬೇಕಾಗಿದ್ದದ್ದು ಆ ಬಿಸಾಡುವ ತುಂಡು. ದೇಹದ ಕಣಕಣದಲ್ಲೂ ಇರುವ ಜೀನುಗಳು ಒಂದೇ. ಆದರೆ ಎಲ್ಲವೂ ಎಲ್ಲ ಕಡೆ ಕೆಲಸಕ್ಕೆ ಇಳಿಯುವುದಿಲ್ಲ. ಗೋಡೆ ಕೆಡುವ ಜಾಗದಲ್ಲಿ ಯಾವ ಜೀನು ಎದ್ದಿದೆ, ಯಾವುದು ಮಲಗಿದೆ ಎಂದು ನೋಡುವುದೇ ನಮ್ಮ ಅಧ್ಯಯನ.

ಲಿಂಗಸುಗೂರು ಕಡೆಯ ಶರಣಪ್ಪ ಎಂಬ ರೋಗಿ ಬಂದಾಗ ನಮ್ಮ ಡಾಕ್ಟರ್ ಮೇಡಂ ನನ್ನನ್ನು ಕರೆದು, ‘ಅವರಿಗೆ ತೆಲುಗು ಸರಿಯಾಗಿ ಬರುವುದಿಲ್ಲ, ನಿನ್ನ ಭಾಷೆಯಲ್ಲಿ ಕೇಳು’ ಎಂದರು.

ಶರಣಪ್ಪ ಅರವತ್ತರ ಆಸುಪಾಸಿನವರು. ಹೈಟೆಕ್ ಸಿಟಿಯಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡವೊಂದರ ಕಾವಲುಗಾರ. ಹೆಂಡತಿ ನಾಗಮ್ಮ ಅಲ್ಲೇ ಇಟ್ಟಿಗೆ ಹೊರುತ್ತಿದ್ದರು. ನನ್ನ ಮೊದಲ ಮಾತಿಗೇ ಇಬ್ಬರ ಮುಖವೂ ಅರಳಿತು.

‘ನಮ್ಮ ಕಡೇಕಿ ಅದೀಯೇನವಾ ತಂಗಿ?’ ಎಂದರು ನಾಗಮ್ಮ.

‘ಹೌದ್ರಿ ಯವ್ವಾ, ಇಳಕಲ್ಲ.’

ನಾನು ವಿಷಯ ಹೇಳಿದೆ. ಶರಣಪ್ಪ ಗಮನವಿಟ್ಟು ಕೇಳಿದರು. ‘ಅದರಿಂದ ನನಗೇನರ ಉಪಯೋಗ ಐತೇನು?’

‘ಇಲ್ರಿ ಕಾಕಾ. ಮುಂದ ಬರೋರಿಗೆ ಆಗಬಹುದು.’

‘ಹೆಂಗಿದ್ರೂ ಬಿಸಾಕೋದು. ತಗೋರಿ.’ ಅವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಬಳಿಕ ನಾಗಮ್ಮ ಇಳಕಲ್ಲಿನ ಬಸ್‌ಸ್ಟ್ಯಾಂಡು, ನಮ್ಮ ಓಣಿ, ನಮ್ಮವ್ವನ ತವರು ಎಲ್ಲ ವಿಚಾರಿಸಿದರು. ಅಷ್ಟು ಕನ್ನಡವನ್ನು ನಾನು ತಿಂಗಳುಗಳಿಂದ ಆಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನ ಖುಷಿಯಿಂದ ಮನೆಗೆ ಹೋದೆ.

ಶಸ್ತ್ರಚಿಕಿತ್ಸೆಯಾಯಿತು. ತುಂಡು ಬಂದ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದೆ. ಮರುದಿನ ಅರ್ಧವನ್ನು ಒರಳಿನಲ್ಲಿ ಅರೆದು ಪುಡಿಮಾಡಿ, ರಾಸಾಯನಿಕದಲ್ಲಿ ಕರಗಿಸಿ, ಎದ್ದ ಜೀನುಗಳ ಗುರುತಿರುವ ಸಾರವನ್ನು ತೆಗೆದು ಪುಟ್ಟ ನಳಿಕೆಯಲ್ಲಿಟ್ಟೆ. ಉಳಿದರ್ಧ ಫ್ರೀಜರಿಗೆ ಹೋಯಿತು. ಅಷ್ಟರಲ್ಲಿ ಶರಣಪ್ಪನವರ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಆ ವಾರವೇ ಅವರು ತೀರಿಕೊಂಡರು.

ಸುದ್ದಿ ನನಗೆ ತಿಳಿದದ್ದು ನಾಗಮ್ಮನಿಂದಲೇ. ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಶವ ಒಯ್ಯುವ ಗಾಡಿ ಶವಾಗಾರದ ಮುಂದೆ ಕಾಯುತ್ತಿತ್ತು.

‘ತಂಗಿ, ಆತಂದು ನೀ ತಗೊಂಡಿದ್ದೆಲ್ಲ, ಅದನ್ನ ಕೊಡವಾ. ಮಣ್ಣ ಮಾಡಾಕ ಹೊಂಟೀವಿ. ಪೂರಾ ಮಣ್ಣಾಗ್ಲಿ.’

ನಾನು ಮೇಡಂ ಬಳಿಗೆ ಓಡಿದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ. ‘ಅದು ಅವರದು. ಕೊಡು’ ಎಂದರು. ‘ನಳಿಕೆಯಲ್ಲಿರುವುದನ್ನು ಕೊಡಲಾಗದು. ನಾವು ಇಟ್ಟುಕೊಳ್ಳುವುದು ಬೇಡ ಎಂದರೆ ನಿಯಮದಂತೆ ಸುಡಬೇಕು. ಅದನ್ನೂ ಹೇಳು.’

ಉಳಿದ ತುಂಡು ಹುಣಸೆ ಬೀಜದಷ್ಟಿತ್ತು. ಸಣ್ಣ ಬಾಟಲಿಯಲ್ಲಿ ಹಾಕಿ ತಂದು ಕೊಟ್ಟೆ. ನಾಗಮ್ಮ ಅದನ್ನು ಬೆಳಕಿಗೆ ಹಿಡಿದರು.

‘ಇಷ್ಟನ?’

‘ಅರ್ಧ ಅರದೀವ್ರಿ ಯವ್ವಾ.’

‘ಅರದ್ರಿ?’

ನಮ್ಮ ಮನೆಗಳಲ್ಲಿ ಅರೆಯುವುದು ಖಾರವನ್ನು. ಬೇರೆ ಶಬ್ದ ನನಗೆ ಹೊಳೆಯಲಿಲ್ಲ. ನೆಲ ನೋಡುತ್ತಾ ಹೇಳಿದೆ, ‘ಅದು ಔಷಧದ ನೀರಾಗ ಕರಗೈತ್ರಿ, ಕೊಡಾಕ ಬರಾಂಗಿಲ್ಲ. ಇಟ್ಕೋಬ್ಯಾಡ್ರಿ ಅಂದ್ರ ಸುಡ್ತಾರ.’

‘ಸುಡಬ್ಯಾಡ್ರಿ’ ಎಂದರು ನಾಗಮ್ಮ. ‘ನಮ್ಮೊಳಗ ಸುಡೂದಿಲ್ಲ. ಅಲ್ಲೇ ಇರ್ಲಿ, ನೋಡೂದೇನೈತಿ ನೋಡ್ರಿ.’ ಸೆರಗಿನ ತುದಿಗೆ ಬಾಟಲಿ ಕಟ್ಟಿಕೊಂಡರು. ‘ನೀನೂ ಬಾ. ಇದೇನು ಅಂತ ಊರಾಗ ಕೇಳ್ತಾರ. ನನಗ ಹೇಳಾಕ ಬರಾಂಗಿಲ್ಲ.’

ಹೋದೆ. ದಾರಿಯುದ್ದಕ್ಕೂ ನಾಗಮ್ಮ ಅಳಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ಒಂದು ಕೈ ಗಂಡನ ಮೇಲೆ, ಇನ್ನೊಂದು ಸೆರಗಿನ ಗಂಟಿನ ಮೇಲೆ.

ಊರಲ್ಲಿ ಕುಣಿ ತೋಡಿ ಕಾಯುತ್ತಿದ್ದರು. ಶರಣಪ್ಪನವರ ತಮ್ಮ ಬಸಣ್ಣ ಬಾಟಲಿಯನ್ನೂ ನನ್ನನ್ನೂ ದಿಟ್ಟಿಸಿ ನೋಡಿದ.

‘ಇದನ್ನ ತಗದದ್ದಕ್ಕನ ನಮ್ಮಣ್ಣ ಸತ್ತನೇನ್ರಿ?’

‘ಇಲ್ರಿ ಅಣ್ಣಾರ. ಆಪರೇಷನ್ನಿಗೆ ಹೆಂಗೂ ಅದನ್ನ ಕೊಯ್ಯಬೇಕಿತ್ತು.’

‘ನಂಬೂದು ಹೆಂಗ?’

ನಾಗಮ್ಮ ಹೇಳಿದರು, ‘ಕೇಳೇ ತಗೊಂಡಾರ. ಆತನ ಹೂಂ ಅಂದಾನ. ನಾ ಅಲ್ಲೇ ಇದ್ನಿ.’

ಮಣ್ಣಿನ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಬಾಟಲಿಯೊಳಗಿನ ತುಂಡನ್ನು ಬಿಲ್ವಪತ್ರೆಯ ಮೇಲೆ ತೆಗೆದು, ವಿಭೂತಿ ಹಚ್ಚಿ, ರೂಢಿಯಂತೆ ಕುಣಿಯಲ್ಲಿ ಕೂರಿಸಿದ್ದ ಶರಣಪ್ಪನವರ ತೊಡೆಯ ಮೇಲಿಟ್ಟರು. ಎಲ್ಲರೂ ಮಣ್ಣು ಹಾಕಿದರು. ನಾನು ಹಾಕಬಹುದೋ ಇಲ್ಲವೋ ತಿಳಿಯದೆ ಹಿಂದೆ ನಿಂತೆ.

ಹೊರಡುವಾಗ ಬಸಣ್ಣನಿಗೆ ಹೇಳಿದೆ: ಈ ರೋಗ ಒಡಹುಟ್ಟಿದವರಿಗೂ ಬರಬಹುದು, ರಾಯಚೂರಿಗೆ ಹೋಗಿ ಹೊಟ್ಟೆ ಸ್ಕ್ಯಾನ್ ಮಾಡಿಸಿರಿ, ಬೀಡಿ ಬಿಡಿರಿ. ಅವನು ಕೇಳಿಸಿಕೊಂಡ. ಹೋಗಿ ದೂರದಲ್ಲಿ ಬೀಡಿ ಹಚ್ಚಿದ.

ಫಲಿತಾಂಶದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶರಣಪ್ಪನವರ ಸಾರವನ್ನು ಬೇರೆ ರೋಗಿಗಳ ಸಾರದ ಜೊತೆಗೆ ನೋಡಿದೆವು. ಗೋಡೆಯ ನಾರನ್ನು ಕಡಿದುಹಾಕುವ ಜೀನುಗಳು, ಉರಿಯೂತದ ಜೀನುಗಳು ಜೋರಾಗಿದ್ದವು. ಗೋಡೆಯನ್ನು ಹಿಡಿದು ನಿಲ್ಲಿಸುವ ಸ್ನಾಯುವಿನ ಜೀನುಗಳು ಕುಗ್ಗಿದ್ದವು. ಹೆಚ್ಚುಕಡಿಮೆ ಎಲ್ಲರಲ್ಲೂ ಹಾಗೇ. ಅದರಿಂದ ಔಷಧಿ ಹುಟ್ಟಲಿಲ್ಲ. ನಾಗಮ್ಮ ಊರಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ‘ಏನ ಸಿಕ್ತು?’ ಎಂದು ಕೇಳಿದಾಗ ಇದನ್ನೇ ಹೇಳಿದೆ. ‘ಇಷ್ಟನ’ ಎಂದರು. ಬಸಣ್ಣ ಸ್ಕ್ಯಾನಿಗೆ ಹೋಗಿಲ್ಲವಂತೆ.

ಮಣ್ಣಾದ ಸಂಜೆ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿಗೆ ಬಂದೆ. ಇಳಕಲ್ಲಿನ ಬಸ್ಸು ಹೊರಡುವುದರಲ್ಲಿತ್ತು. ಹತ್ತಿದ್ದರೆ ಊಟದ ಹೊತ್ತಿಗೆ ಅವ್ವನ ಮುಂದೆ ಇರುತ್ತಿದ್ದೆ. ಹತ್ತಲಿಲ್ಲ. ಅವ್ವ ‘ಯಾರ ಮಣ್ಣಿಗೆ ಹೋಗಿದ್ದೆ?’ ಎಂದು ಕೇಳುತ್ತಿದ್ದಳು. ಒರಳು, ಬಾಟಲಿ ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳುವ ಶಕ್ತಿ ಉಳಿದಿರಲಿಲ್ಲ. ಹೈದರಾಬಾದಿನ ಬಸ್ಸಿನಲ್ಲಿ ಕೂತೆ.

ಬೆಳಿಗ್ಗೆ ಮಿಯಾಪುರದ ಮನೆಯ ಗೇಟು ತೆಗೆದಾಗ ಸುಶೀಲಮ್ಮ ರಂಗೋಲಿ ಹಾಕುತ್ತಿದ್ದರು. ಮಣ್ಣು ಮೆತ್ತಿದ ನನ್ನ ಸೀರೆ ಕಂಡು ಎದ್ದು ನಿಂತರು. ‘ಊರಿನುಂಚಿ ವಸ್ತುನ್ನಾವಾ?’ ಊರಿಂದ ಬರುತ್ತಿದ್ದೀಯಾ ಎಂದು. ಊರು ಎಂಬ ಶಬ್ದ ತೆಲುಗಿನಲ್ಲೂ ಊರೇ, ಅರ್ಥವಾಗದಿರುವಂಥದ್ದೇನೂ ಇರಲಿಲ್ಲ. ಆದರೂ ಹೌದು ಎನ್ನಲೋ ಅಲ್ಲ ಎನ್ನಲೋ ತಿಳಿಯಲಿಲ್ಲ. ನನ್ನ ಮುಖ, ಸೀರೆಯ ಮಣ್ಣು ನೋಡಿ ‘ಎವರು ಪೋಯಾರು?’ ಎಂದು ಮೆಲ್ಲಗೆ ಕೇಳಿದರು. ಹೋದವರು ಯಾರು.

ಶರಣಪ್ಪನವರು ನನಗೆ ಏನಾಗಬೇಕು ಎನ್ನುವುದಕ್ಕೆ ತೆಲುಗಿನಲ್ಲಿ ಶಬ್ದ ಹುಡುಕಿದೆ. ಕನ್ನಡದಲ್ಲೂ ಇರಲಿಲ್ಲ. ಸುಶೀಲಮ್ಮ ಒಳಗೆ ಬರಬೇಡವೆಂದು ಕೈಸನ್ನೆ ಮಾಡಿ, ಟ್ಯಾಂಕರಿನಿಂದ ಹಿಡಿದಿಟ್ಟ ನೀರನ್ನು ಬಕೆಟ್ಟಿನಲ್ಲಿ ತಂದು, ಅಂಗಳದಲ್ಲೇ ನನ್ನ ತಲೆಯ ಮೇಲೆ ಸುರಿದರು.