ಬಾಗಿಲಿಗೆ ಮುಖ ಮಾಡಿ ಕೂತವರು

ಸಂತರ ಪ್ರಾರ್ಥನಾಮಾಲೆ ಹೇಳುವಾಗ ಉಪದೇಶಿಯಮ್ಮನ ಕುತ್ತಿಗೆಯ ಎಡಗಡೆಯ ನರ ಬಿಗಿದ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ಅವರು ಒಬ್ಬೊಬ್ಬ ಸಂತರ ಹೆಸರನ್ನು ರಾಗವಾಗಿ ಹೇಳುವರು, ನಾವು ‘ನಮಗಾಗಿ ಪ್ರಾರ್ಥಿಸಿ’ ಎನ್ನುವೆವು. ಚಿಕ್ಕವರಿದ್ದಾಗ ಪ್ರಾರ್ಥನೆ ಇನ್ನೆಷ್ಟು ಉಳಿದಿದೆ ಎಂದು ನಾವು ಆ ನರ ನೋಡಿಯೇ ಲೆಕ್ಕ ಹಾಕುತ್ತಿದ್ದೆವು. ಅದು ಇಳಿದರೆ ಮನೆಗೆ ಹೋಗಬಹುದು.

ತಮಿಳುನಾಡಿಗೆ ಸೇರಿದ ಜವಳಗಿರಿಯ ಕಾಡಂಚಿನ ನಮ್ಮೂರಿನಲ್ಲಿ ಇರುವುದು ಸಂತ ಅಂತೋಣಿಯವರ ಒಂದು ಸಣ್ಣ ಗುಡಿ. ಧರ್ಮಕೇಂದ್ರದ ಸ್ವಾಮಿಗಳು, ಅಂದರೆ ಪಾದ್ರಿಗಳು, ತಿಂಗಳಿಗೊಮ್ಮೆ ಬಂದು ತಮಿಳಿನಲ್ಲಿ ಪೂಜೆ ಮಾಡಿ ಹೋಗುತ್ತಾರೆ. ಉಳಿದ ಸಂಜೆಗಳ ಪ್ರಾರ್ಥನೆಯೆಲ್ಲ ಉಪದೇಶಿಯಮ್ಮನದು, ಕನ್ನಡದಲ್ಲಿ. ಪ್ರಾರ್ಥನೆಯೂ ತಮಿಳಿನಲ್ಲೇ ಇರಲಿ ಎಂದು ಯಾರೋ ಸಲಹೆ ಕೊಟ್ಟಾಗ ಅವರು ಕೇಳಿದ್ದರು: “ಬೈಯೋದು ಕನ್ನಡದಾಗೆ, ಬೇಡೋದ್ ಮಾತ್ರ ತಮಿಳ್ನಾಗಾ?”

ಮಂಡಿನೋವಿನಿಂದ ಮೊಣಕಾಲೂರಲಾಗದೆ ಅವರು ಪೀಠದ ಪಕ್ಕ ಸ್ಟೂಲಿನ ಮೇಲೆ, ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಸಂತರಿಗೇ ಬೆನ್ನು ಹಾಕುತ್ತೀರಲ್ಲ ಎಂದು ಚುಚ್ಚಿದವರಿಗೂ ಉತ್ತರವಿತ್ತು. “ಅವ್ರು ನನ್ ಬೆನ್ ನೋಡ್ಕೊಂತಾರೆ. ನಾನು ನಿಮ್ ಬೆನ್ ನೋಡ್ಕೊಂತೀನಿ.”

ಮೂರು ವರ್ಷದ ಹಿಂದಿನ ರಾಗಿ ಕೊಯ್ಲಿನ ಸಮಯ. ಮೊದಲು ಕೊಯ್ದ ಕಟ್ಟನ್ನು ಸಂತರಿಗೆ ಒಪ್ಪಿಸುವುದು ನಮ್ಮಲ್ಲಿ ವಾಡಿಕೆ. ಆನೆಗಳು ಇಳಿದಿವೆ, ಈ ಸಲ ಗುಡಿಯೊಳಗೆ ರಾಗಿ ಬೇಡ ಎಂದು ಸ್ವಾಮಿಗಳು ಹೇಳಿ ಕಳಿಸಿದ್ದರು. ಉಪದೇಶಿಯಮ್ಮ ಕೇಳಲಿಲ್ಲ. ಕಟ್ಟುಗಳನ್ನು ಬಾಗಿಲ ಒಳಮಗ್ಗುಲಲ್ಲಿ ಒರಗಿಸಿಟ್ಟರು.

ಅಂದು ಸಂಜೆ ಪ್ರಾರ್ಥನಾಮಾಲೆ ಅರ್ಧಕ್ಕೆ ಬಂದಿತ್ತು. ಹಿಂದಿನಿಂದ ಪಟಪಟ ಬಡಿಯುವ ಸದ್ದು. ತಡವಾಗಿ ಬಂದವರು ಕಾಲಿನ ಧೂಳು ಕೊಡವುತ್ತಿದ್ದಾರೆ ಎಂದುಕೊಂಡೆ. ಉಪದೇಶಿಯಮ್ಮ ಮುಂದಿನ ಹೆಸರು ಹೇಳಬೇಕಿತ್ತು. ಅದೇ ರಾಗದಲ್ಲಿ, ಅದೇ ದನಿಯಲ್ಲಿ ಹೇಳಿದರು:

“ಯಾರೂ ಹಿಂದಕ್ ತಿರುಗ್ಬೇಡಿ, ಆನೆ ಬಂದೈತೆ.”

“ನಮಗಾಗಿ ಪ್ರಾರ್ಥಿಸಿ” ಎಂದೆವು ಎಲ್ಲರೂ, ಒಂದೇ ಕಂಠದಲ್ಲಿ. ಒಬ್ಬರೂ ಕದಲಲಿಲ್ಲ. ವರ್ಷಗಟ್ಟಲೆ ಆಡಿದ ಬಾಯಿ. ಕಿವಿಯನ್ನು ಕೇಳದೆಯೇ ಉತ್ತರಿಸಿತ್ತು. ಆಮೇಲೆ ಯಾರದೋ ಉಸಿರು ಕಟ್ಟಿದ್ದು ಕೇಳಿಸಿತು.

“ಬಾಯ್ ನಿಲ್ಲಿಸ್ಬೇಡಿ, ಕೂಗ್ಬೇಡಿ.”

“ನಮಗಾಗಿ ಪ್ರಾರ್ಥಿಸಿ.”

“ಲೂರ್ದಮ್ಮಾ, ಮಗೀನ್ ಎತ್ಕೊಂಡು ಪೀಠದ್ ಪಕ್ಕದ್ ಬಾಗ್ಲಾಗೆ ಹೋಗವ್ವಾ.”

“ನಮಗಾಗಿ ಪ್ರಾರ್ಥಿಸಿ.”

ಹೀಗೆ ಸಾಲುಸಾಲಾಗಿ, ಹೆಸರು ಹಿಡಿದು, ಸಂತರನ್ನು ಕರೆದ ಹಾಗೆಯೇ ನಮ್ಮನ್ನು ಕರೆದು ಹೊರಗೆ ಕಳಿಸಿದರು. ದನಿ ಅಲುಗಲಿಲ್ಲ. ಕುತ್ತಿಗೆಯ ನರ ಮಾತ್ರ ಎದ್ದೇ ಇತ್ತು. ಉತ್ತರಿಸುವ ದನಿಗಳು ಕಡಿಮೆಯಾಗುತ್ತ ಕಡಿಮೆಯಾಗುತ್ತ ಕೊನೆಗೆ ನಾನೊಬ್ಬಳೇ ಉಳಿದೆ. ಬಿಎಸ್ಸಿ ಓದಿ, ಆನೆ ಕಂಡರೆ ಏನು ಮಾಡಬೇಕೆಂದು ಶಾಲಾಮಕ್ಕಳಿಗೆ ಹೇಳಿಕೊಟ್ಟವಳು ನಾನು. ಕಾಲು ಏಳಲಿಲ್ಲ.

“ಕಾಲೇಜು ಓದ್ದೋಳೇ, ಕಾಲು ಕಳ್ಕೊಂಡಿದ್ರೆ ಅಂತೋಣಪ್ಪನ್ ಕೇಳಿ ಈಸ್ಕೊಂಡು ಏಳೇ.”

ಕಳೆದದ್ದನ್ನು ಹುಡುಕಿಕೊಡುವ ಸಂತರು ಅಂತೋಣಿಯವರು. “ನಮಗಾಗಿ ಪ್ರಾರ್ಥಿಸಿ” ಎಂದೆ, ಎದ್ದೆ. ಪಕ್ಕದ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ಸೊಂಡಿಲು ರಾಗಿ ಕಟ್ಟನ್ನೆತ್ತಿ ಮುಂಗಾಲಿಗೆ ಬಡಿದು ಧೂಳು ಉದುರಿಸುತ್ತಿತ್ತು. ಆ ಪಟಪಟ ಈಗಲೂ ನನ್ನನ್ನು ಬಿಟ್ಟಿಲ್ಲ. ಪಕ್ಕದ ಮನೆಯವರು ಚಾಪೆ ಕೊಡವಿದರೆ ಬೆವರುತ್ತೇನೆ. ಉಪದೇಶಿಯಮ್ಮ ನನ್ನ ಹಿಂದೆ, ಎಲ್ಲರಿಗಿಂತ ಕೊನೆಗೆ, ಮಂಡಿ ಹಿಡಿದುಕೊಂಡು ಬಂದರು. ಒಳಗೆ ಬಾಗಿಲ ಚೌಕಟ್ಟು ಮುರಿದ ಸದ್ದಾಯಿತು.

ಮರುದಿನ ಸ್ವಾಮಿಗಳು ಬಂದು, ಆನೆಗಳು ಹೋಗುವವರೆಗೆ ಗುಡಿ ಮುಚ್ಚಿ, ಇಲ್ಲವೇ ಪ್ರಾರ್ಥನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಎಂದರು. ಹೆದರಿದ್ದ ನಾವೆಲ್ಲ ತಲೆಯಾಡಿಸಿದೆವು. ಗುಲಾಬಿ ತೋಟದ ಶೆಡ್ಡಿನವರು, ಹೊಸೂರಿನ ಕಂಪನಿಯವರು ಊರು ಸೇರುವುದೇ ಆರರ ಬಸ್ಸಿಗೆ ಎಂದು ಉಪದೇಶಿಯಮ್ಮ ನೆನಪಿಸಿದರು. ಆಮೇಲೆ ಹೇಳಿದರು: “ರಾಗಿ ಒಳಗಿಟ್ಟಿದ್ದು ನನ್ ತಪ್ಪು ಸ್ವಾಮಿ. ಎಲ್ಲಾರ್ ಮುಂದೇನೂ ಒಪ್ಕೊಂತೀನಿ. ಪ್ರಾರ್ಥನೆ ಮಾಡಿದ್ದು ತಪ್ಪಲ್ಲ.”

ಅಂದು ಸಂಜೆ ಬಾಗಿಲೇ ಇಲ್ಲದ ಗುಡಿಯಲ್ಲಿ ಐದು ಜನ ಸೇರಿದರಂತೆ. ಸಂತರಿಗೆ ಒಪ್ಪಿಸಲು ಕಟ್ಟಿನ ಬದಲು ಒಬ್ಬೊಬ್ಬರ ಮುಷ್ಟಿಯಲ್ಲಿ ಒಂದೊಂದೇ ತೆನೆ. ಹೊರಗೆ ಸರದಿಯ ಮೇಲೆ ಒಬ್ಬರ ಕಾವಲು. ನಾನು ಎಂಟು ದಿನ ಹೋಗಲಿಲ್ಲ. ಒಂಬತ್ತನೆಯ ದಿನ ಹೋದಾಗ ಉಪದೇಶಿಯಮ್ಮ ಏನೂ ಕೇಳದೆ ಇನ್ನೊಂದು ಸ್ಟೂಲನ್ನು ತಮ್ಮ ಪಕ್ಕಕ್ಕೆ ಎಳೆದರು. “ಹೆದ್ರಿಕೆ ಇರೋರು ಬಾಗ್ಲು ನೋಡ್ಕೊಂಡ್ ಕೂತ್ಕೋಬೇಕು ಕಣೇ. ಮನೇಲ್ ಕೂತ್ರೆ ಬರೀ ಗೋಡೆ ಕಾಣ್ತದೆ.”

ಅಂದಿನಿಂದ ಅದು ನನ್ನ ಜಾಗ.

ಕಳೆದ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಉಪದೇಶಿಯಮ್ಮ ಸಕ್ಕರೆ ಕಾಯಿಲೆಯಿಂದ ಹೊಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಂಜೆ ಅವರ ದೇಹವನ್ನು ಗುಡಿಗೆ ತಂದೆವು. ಪ್ರಾರ್ಥನಾಮಾಲೆ ಹೇಳುವ ಪಾಳಿ ನನ್ನದಾಯಿತು. ಬಾಗಿಲಿಗೆ ಮುಖ ಮಾಡಿ ಕೂತೆ. ಪುಸ್ತಕದಲ್ಲಿದ್ದ ಹೆಸರುಗಳು ಮುಗಿದವು. ಅದೇ ರಾಗದಲ್ಲಿ ಇನ್ನೊಂದು ಸೇರಿಸಿದೆ: “ನಮ್ಮ ಬೆನ್ನು ಕಾದ ಉಪದೇಶಿಯಮ್ಮನವರೇ.”

“ನಮಗಾಗಿ ಪ್ರಾರ್ಥಿಸಿ” ಎಂದರು ಜನ, ಒಂದೇ ಕಂಠದಲ್ಲಿ.

ಅಂತ್ಯಕ್ರಿಯೆಗೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಸ್ವಾಮಿಗಳು ತಲೆಯೆತ್ತಿದರು. ಆ ಹೆಸರು ಪಟ್ಟಿಯಲ್ಲಿಲ್ಲ, ಸೇರಿಸುವ ಅಧಿಕಾರ ನನಗಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರ ಮುಖ ನೋಡಿಕೊಂಡೇ ಇನ್ನೊಂದು ಸಲ ಹೇಳಿದೆ.